ಮಸೂದೆಗಳನ್ನು ಎಣಿಸಿದರೆ ಸದನದ ದುಡಿಮೆ ತಿಳಿಯುವುದೇ?

ಒಂದು ಅವಧಿಯಲ್ಲಿ ಎಷ್ಟು ಮಸೂದೆಗಳು ಕಾಯ್ದೆಯಾದವು ಎಂಬುದೇ ಶಾಸಕಾಂಗದ ಉತ್ಪಾದಕತೆ ಎಂದು ನಮ್ಮಲ್ಲಿ ಹಲವರು ಬರೆದುಕೊಂಡಿರುತ್ತೇವೆ. ಈ ಲೆಕ್ಕ ಬೇಗ ಕೈಕೊಡುತ್ತದೆ. ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು, ಅದರ ಒಂದೊಂದು ಅವಧಿ ಎರಡು ವರ್ಷ. 1947–48ರ 80ನೇ ಕಾಂಗ್ರೆಸ್ಸನ್ನು ಅಧ್ಯಕ್ಷ ಟ್ರೂಮನ್ ‘ಏನೂ ಮಾಡದ ಕಾಂಗ್ರೆಸ್’ ಎಂದು ಹೀಗಳೆದರು. ಆದರೆ ಅದು ರೂಪಿಸಿದ ಸಾರ್ವಜನಿಕ ಕಾನೂನುಗಳು 900ಕ್ಕೂ ಹೆಚ್ಚು. 2023–24ರ 118ನೇ ಕಾಂಗ್ರೆಸ್ 300ನ್ನೂ ಮುಟ್ಟಲಿಲ್ಲ. ಆಗ ಎರಡು ಸದನಗಳು ಬೇರೆ ಬೇರೆ ಪಕ್ಷಗಳ ಹಿಡಿತದಲ್ಲಿದ್ದವು. ಮೇಲ್ಮನೆಯಾದ 100 ಸದಸ್ಯರ ಸೆನೆಟ್‌ನಲ್ಲಿ ಬಹುತೇಕ ಮಸೂದೆಗಳ ಚರ್ಚೆಗೆ ತೆರೆ ಎಳೆಯಲು 60 ಮತಗಳು ಬೇಕು. ಇದರ ಜೊತೆಗೆ, ಹತ್ತಾರು ವಿಷಯಗಳನ್ನು ಒಂದೇ ದಪ್ಪ ಮಸೂದೆಗೆ ತುರುಕುವ ರೂಢಿ ಬೆಳೆದಿರುವುದರಿಂದ ಪುಟಗಳು ಹೆಚ್ಚಿದರೂ ಸಂಖ್ಯೆ ಇಳಿಯುತ್ತದೆ.

ನಮ್ಮಲ್ಲಿ ಕಥೆಯೇ ಬೇರೆ. ಬಹುಮತವಿದ್ದವರೇ ಸರ್ಕಾರ ರಚಿಸುತ್ತಾರೆ. 1985ರಲ್ಲಿ ಸಂವಿಧಾನಕ್ಕೆ ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ ಸೇರಿದ ಮೇಲೆ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿದ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಹೀಗಾಗಿ ಸರ್ಕಾರಿ ವಿಧೇಯಕ ಸದನದಲ್ಲಿ ಬೀಳುವುದು ಅಪರೂಪ. ಕಲಾಪದ ನೇರ ಪ್ರಸಾರ ನೋಡಿದವರಿಗೆ ಗೊತ್ತು: ಸದನದ ಬಾವಿಯಲ್ಲಿ ಧರಣಿ ನಡೆಯುತ್ತಿರುವಾಗಲೇ ಸಭಾಧ್ಯಕ್ಷರು ಪರವಾಗಿರುವವರು ‘ಹೌದು’ ಎನ್ನಿ ಎನ್ನುತ್ತಾರೆ, ಗದ್ದಲದ ನಡುವೆ ಧ್ವನಿಮತ ಮುಗಿದು, ವಿಧೇಯಕದ ಹೆಸರು ನಮಗೆ ಸರಿಯಾಗಿ ಕೇಳಿಸುವ ಮೊದಲೇ ಅದು ಅಂಗೀಕಾರವಾಗಿರುತ್ತದೆ. ಇದನ್ನೂ ಉತ್ಪಾದಕತೆ ಎನ್ನಬೇಕೇ? ನನಗಂತೂ ಮನಸ್ಸು ಬರುವುದಿಲ್ಲ.

ಇಲ್ಲಿ ನಿಜಕ್ಕೂ ಸೊರಗಿರುವುದು ಖಾಸಗಿ ಸದಸ್ಯರ, ಅಂದರೆ ಸಚಿವರಲ್ಲದ ಸದಸ್ಯರು ಮಂಡಿಸುವ, ವಿಧೇಯಕ. ಸಂಸತ್ತಿನಲ್ಲಿ ಈವರೆಗೆ ಕಾಯ್ದೆಯಾದವು 14 ಮಾತ್ರ, ಕೊನೆಯದು 1970ರಲ್ಲಿ. ಇನ್ನು ಕೆಲವು ಕರಡುಗಳು ಸದನದ ಹೊಸ್ತಿಲನ್ನೇ ತುಳಿಯುವುದಿಲ್ಲ: ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಕರಡಿಗೆ ಕರ್ನಾಟಕದ ಸಚಿವ ಸಂಪುಟ 2024ರ ಜುಲೈನಲ್ಲಿ ಒಪ್ಪಿಗೆ ಕೊಟ್ಟರೂ ಉದ್ಯಮಿಗಳ ವಿರೋಧ ಎದ್ದು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು.

ಅದೇ ತಿಂಗಳು ಮಂಡನೆಯಾದ ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕ ಮಾತ್ರ ನಿಧಾನವಾಗಿ ನಡೆಯಿತು. ನಗರವನ್ನು ಹಲವು ಪಾಲಿಕೆಗಳಾಗಿ ಒಡೆಯಬಹುದೆಂಬ ವಿಚಾರಕ್ಕೆ ಆಕ್ಷೇಪ ಬಂದಾಗ ಅದನ್ನು ಉಭಯ ಸದನಗಳ ಜಂಟಿ ಸಮಿತಿಗೆ ಒಪ್ಪಿಸಲಾಯಿತು. 2025ರ ಮಾರ್ಚ್‌ನಲ್ಲಿ ಅಂಗೀಕಾರವಾಗಿ, ಮೇ 15ರಂದು ಕಾಯ್ದೆ ಜಾರಿಗೆ ಬಂತು. ವರ್ಷದ ಪಟ್ಟಿಯಲ್ಲಿ ಇದೂ ಒಂದು, ಧ್ವನಿಮತದಲ್ಲಿ ಕ್ಷಣಾರ್ಧಕ್ಕೆ ಮುಗಿದ ತಿದ್ದುಪಡಿಯೂ ಒಂದು.

ಆದ್ದರಿಂದ ಶಾಸಕಾಂಗದ ಉತ್ಪಾದಕತೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಮಸೂದೆಗಳ ಸಂಖ್ಯೆಯ ಪಕ್ಕದಲ್ಲಿ ಕಲಾಪ ನಡೆದ ದಿನಗಳನ್ನೂ ಬರೆಯಿರಿ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ಕರ್ನಾಟಕ 2005ರಲ್ಲೇ ಕಾಯ್ದೆ ಮಾಡಿಕೊಂಡಿದೆ. ಆ 60 ದಿನಗಳು ತುಂಬಿದ ವರ್ಷಗಳೇ ವಿರಳ.