ಜ್ವರ ಬಿಟ್ಟಿತು, ಮಾತು ಯಾಕೆ ತಪ್ಪಿತು?

ಸೋಂಕಿಗೆ ಆಂಟಿಬಯಾಟಿಕ್ ಶುರುವಾಗಿ ನಾಲ್ಕು ದಿನ. ಜ್ವರ ಬಿಟ್ಟಿದೆ. ಆದರೆ ವಯಸ್ಸಾದ ರೋಗಿಗೆ ಮಗಳ ಗುರುತು ಹತ್ತುತ್ತಿಲ್ಲ. ಏನು ಕೇಳಿದರೂ ಉತ್ತರವಿಲ್ಲ, ಸುಮ್ನೆ ಗೋಡೆ ನೋಡುತ್ತಾ ಮಲಗಿದ್ದಾರೆ. ಕೈ ಆಗಾಗ ತಟಕ್ಕನೆ ಅದುರುತ್ತದೆ. ವಯಸ್ಸಾಯ್ತು, ಅರಳುಮರಳು ಎಂದುಕೊಳ್ಳುತ್ತಾರೆ ಮನೆಯವರು. ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಮಾಡಿಸಿದರೆ ಒಳಗೆ ಫಿಟ್ಸ್ ನಡೆಯುತ್ತಿರುವುದು ಕಾಣಬಹುದು. ಕೈಕಾಲು ಬಡಿಯದ, ನೋಡುವವರಿಗೆ ಗೊತ್ತೇ ಆಗದ ಫಿಟ್ಸ್.

ಸಿಫೆಪಿಮ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್‌ನಿಂದ ಹೀಗಾಗುವುದುಂಟು. ಕಿಡ್ನಿ ಸರಿಯಿಲ್ಲದವರಲ್ಲಿ ಜಾಸ್ತಿ. ಈ ಔಷಧಿ ಹೆಚ್ಚಾಗಿ ಮೂತ್ರದಲ್ಲೇ ಹೊರಹೋಗಬೇಕು. ಕಿಡ್ನಿಗೆ ತಕ್ಕಂತೆ ಡೋಸ್ ಇಳಿಸದಿದ್ದರೆ ರಕ್ತದಲ್ಲಿ ಏರುತ್ತಾ ಹೋಗಿ ಮಿದುಳಿಗೂ ಸೇರುತ್ತದೆ. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆಯೇ ಎಚ್ಚರಿಸಿತ್ತು.

ಮಿದುಳಿನ ನರಕೋಶಗಳಿಗೆ ಗಾಬಾ ಎಂಬ ರಾಸಾಯನಿಕ ಬ್ರೇಕ್ ಇದ್ದ ಹಾಗೆ. ಪೆನಿಸಿಲಿನ್, ಸಿಫೆಪಿಮ್‌ನಂಥವು ಜಾಸ್ತಿಯಾದರೆ ಆ ಬ್ರೇಕ್ ಹಿಡಿಯುವುದಿಲ್ಲ. ಪೆನಿಸಿಲಿನ್ ನೇರವಾಗಿ ಮಿದುಳಿಗೆ ತಾಗಿದರೆ ಫಿಟ್ಸ್ ಬರುತ್ತದೆ ಎಂಬುದು 1940ರ ದಶಕದಲ್ಲೇ ಗೊತ್ತಾಗಿತ್ತು. ಇಷ್ಟು ಹಳೆಯ ವಿಷಯ ಮನೆಮಂದಿಗೆ ಇನ್ನೂ ತಲುಪಿಲ್ಲವಲ್ಲ ಎಂದು ನನಗೆ ಬೇಸರ.

ಎಲ್ಲ ಆಂಟಿಬಯಾಟಿಕ್ಕೂ ಒಂದೇ ಥರ ಕಾಡುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಚಡಪಡಿಕೆ, ಮರೆವು, ಗಲಿಬಿಲಿ ಬರುತ್ತದೆ. ಇಲ್ಲದ್ದು ಕಾಣುವುದೂ ಉಂಟು. 2018ರಲ್ಲಿ ಎಫ್‌ಡಿಎ ಈ ಮಾನಸಿಕ ತೊಂದರೆಗಳನ್ನು ಲೇಬಲ್‌ನಲ್ಲಿ ಬೇರೆಯಾಗಿ, ಎದ್ದು ಕಾಣುವಂತೆ ಬರೆಯಿಸಿತು. ಮೆಟ್ರೊನಿಡಜೋಲ್‌ದು ನಿಧಾನದ ಆಟ. ಸಾಮಾನ್ಯವಾಗಿ ವಾರಗಟ್ಟಲೆ ತೆಗೆದುಕೊಂಡ ಮೇಲೆ ನಾಲಿಗೆ ತೊದಲುತ್ತದೆ, ನಡಿಗೆ ವಾಲುತ್ತದೆ. ಎಂಆರ್‌ಐ ತೆಗೆದರೆ ಕಿರುಮಿದುಳಿನ ಎರಡೂ ಬದಿಯಲ್ಲಿ ಬಿಳಿ ಕಲೆ ಕಾಣಬಹುದು. ಔಷಧಿ ನಿಲ್ಲಿಸಿದ ಮೇಲೆ ಬಹಳಷ್ಟು ಸಲ ಆ ಕಲೆ ಮಾಯವಾಗುತ್ತದೆ! ಇನ್ನು ಲಿನೆಜೋಲಿಡ್. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಸಿರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ಮಿತಿಮೀರಿ ನಡುಕ, ಬೆವರು, ಗೊಂದಲ ಶುರುವಾಗಬಹುದು.

ಇವೆಲ್ಲ ಅಪರೂಪ. ಹೆದರಿ ಕೋರ್ಸನ್ನು ನೀವೇ ನಿಲ್ಲಿಸಬೇಡಿ. ಸೋಂಕಿಗೂ ತಲೆ ಗೊಂದಲವಾಗುತ್ತದೆ, ಅಲ್ವಾ? ಯಾವುದರಿಂದ ಎಂದು ಹೇಳಬೇಕಾದವರು ಡಾಕ್ಟರು. ಔಷಧಿಯದೇ ಕಾರಣವಾದರೆ, ಬದಲಾಯಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಡಾಕ್ಟರಿಗೆ ಬೇಕಾದ ಸುಳಿವು ಮಾತ್ರ ಪಕ್ಕದಲ್ಲಿ ಕೂತವರ ಹತ್ತಿರವೇ ಇರುತ್ತದೆ. ಆಂಟಿಬಯಾಟಿಕ್ ಶುರುವಾದ ತಾರೀಖು, ಮಾತು ತಪ್ಪಿದ ತಾರೀಖು, ಜೊತೆಗೆ ನುಂಗುತ್ತಿರುವ ಬೇರೆ ಮಾತ್ರೆಗಳು, ಕಿಡ್ನಿ ತೊಂದರೆ ಇದ್ದರೆ ಅದೂ. ಒಂದು ಚೀಟಿಯಲ್ಲಿ ಬರೆದು ತಕ್ಷಣ ಡಾಕ್ಟರ ಕೈಗೆ ಕೊಡಿ.