ಅಪರಾಧ ಇಳಿದರೂ ಭಯ ಏಕೆ ಇಳಿಯುವುದಿಲ್ಲ?

1862ರ ಜುಲೈನ ಒಂದು ರಾತ್ರಿ ಲಂಡನ್ನಿನಲ್ಲಿ ಪಿಲ್ಕಿಂಗ್ಟನ್ ಎಂಬ ಸಂಸದರ ಮೇಲೆ ಹಲ್ಲೆ ನಡೆಸಿ ಅವರನ್ನು ದೋಚಲಾಯಿತು. ಹಿಂದಿನಿಂದ ಬಂದು ಕುತ್ತಿಗೆ ಅದುಮಿ ಸುಲಿಗೆ ಮಾಡುವುದು ಆ ನಗರಕ್ಕೆ ಹೊಸದಾಗಿರಲಿಲ್ಲ. ಆದರೆ ಈ ಸಲ ಪೆಟ್ಟು ತಿಂದವರು ಸಂಸದರು. ಪತ್ರಿಕೆಗಳು ತಿಂಗಳುಗಟ್ಟಲೆ ಅದನ್ನೇ ಬರೆದವು. ಒತ್ತಡಕ್ಕೆ ಸಿಕ್ಕ ಪೊಲೀಸರು ಗಸ್ತು ಹೆಚ್ಚಿಸಿದರು, ಜೈಲಿನಿಂದ ಬಿಡುಗಡೆಯಾಗಿ ಬಂದವರ ಮೇಲೆ ಕಣ್ಣಿಟ್ಟರು, ಹಿಂದೆ ಸಾಮಾನ್ಯ ಕಳ್ಳತನವೆಂದು ಬರೆದುಕೊಳ್ಳುತ್ತಿದ್ದ ದೂರುಗಳನ್ನೂ ಹಿಂಸಾತ್ಮಕ ಸುಲಿಗೆಯೆಂದು ದಾಖಲಿಸತೊಡಗಿದರು. ದಾಖಲೆಯ ಅಂಕಿ ಏರಿತು. ಏರಿದ ಅಂಕಿಯೇ ಮರುದಿನದ ಸುದ್ದಿಯಾಯಿತು. ಎರಡು ವರ್ಷದ ಹಿಂದಷ್ಟೇ ಬಹುತೇಕ ಅಪರಾಧಗಳಿಗೆ ಕೈಬಿಟ್ಟಿದ್ದ ಛಡಿಯೇಟಿನ ಶಿಕ್ಷೆಯನ್ನು 1863ರಲ್ಲಿ ಸಂಸತ್ತು ಇಂಥ ಸುಲಿಗೆಕೋರರಿಗಾಗಿ ಮರಳಿ ತಂದಿತು. ಕಾಯ್ದೆ ಜಾರಿಗೆ ಬರುವ ಹೊತ್ತಿಗೆ ಹಾವಳಿ ಆಗಲೇ ತಣ್ಣಗಾಗಿತ್ತು.

ಅಪರಾಧದ ವರದಿಗಾರಿಕೆ ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ. ಇಲ್ಲಿ ಯಾರೂ ಸುಳ್ಳು ಬರೆಯಬೇಕಾಗಲಿಲ್ಲ. ವರದಿಯಾದ ಹಲ್ಲೆಗಳು ನಡೆದದ್ದೂ ನಿಜ. ತಪ್ಪು ಇದ್ದದ್ದು ಆಯ್ಕೆಯಲ್ಲಿ: ಯಾವುದನ್ನು ಎತ್ತಿಕೊಳ್ಳಬೇಕು, ಯಾವುದರ ಪಕ್ಕ ಯಾವುದನ್ನಿಡಬೇಕು, ಲೆಕ್ಕ ಯಾರಿಂದ ಪಡೆಯಬೇಕು ಎಂಬಲ್ಲಿ.

ಕೊಲೆಯ ಸುದ್ದಿ ಮಾರಾಟದ ಸರಕಾದದ್ದು ಇದಕ್ಕಿಂತ ಬಹಳ ಹಿಂದೆ. ಲಂಡನ್ನಿನ ನ್ಯೂಗೇಟ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾದವರ ಜೀವನವೃತ್ತಾಂತವನ್ನು 17 ಮತ್ತು 18ನೇ ಶತಮಾನಗಳಲ್ಲಿ ಅಲ್ಲಿನ ಪಾದ್ರಿಯೇ ಅಚ್ಚು ಹಾಕಿಸಿ ಮಾರುತ್ತಿದ್ದ. ಗಲ್ಲಿನ ಜಾಗದಲ್ಲಿ ಒಂದೇ ಹಾಳೆಯ ಅಗ್ಗದ ಕರಪತ್ರಗಳು ಬಿಕರಿಯಾಗುತ್ತಿದ್ದವು. ಕೈದಿಯ ‘ಕೊನೆಯ ಮಾತು’ ಎಷ್ಟೋ ಸಲ ಅವನು ಬಾಯಿ ತೆರೆಯುವ ಮೊದಲೇ ಅಚ್ಚಾಗಿರುತ್ತಿತ್ತು. ಪ್ರೇಯಸಿಯನ್ನು ಕೊಂದದ್ದಕ್ಕೆ 1828ರಲ್ಲಿ ಗಲ್ಲಿಗೇರಿದ ವಿಲಿಯಂ ಕಾರ್ಡರ್‌ನ ಕುರಿತಾದ ಹಾಳೆಗಳು ಹತ್ತು ಲಕ್ಷಕ್ಕೂ ಮೀರಿ ಮಾರಾಟವಾದವೆಂದು ಆ ಶತಮಾನದಲ್ಲೇ ಬರೆದಿಟ್ಟಿದ್ದಾರೆ.

ದಿನಪತ್ರಿಕೆ ಈ ವ್ಯಾಪಾರವನ್ನು ನಿತ್ಯದ ದುಡಿಮೆಯಾಗಿ ಮಾಡಿತು. 1833ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸೆಂಟ್ ಬೆಲೆಗೆ ಆರಂಭವಾದ ‘ಸನ್’ ಪತ್ರಿಕೆ ಪೊಲೀಸ್ ಕೋರ್ಟಿನ ಸುದ್ದಿಗೆಂದೇ ಒಬ್ಬನನ್ನು ನೇಮಿಸಿತು. ಇಂದಿನ ಕ್ರೈಂ ಬೀಟ್‌ನ, ಅಂದರೆ ಅಪರಾಧ ಸುದ್ದಿಗೆಂದೇ ವರದಿಗಾರನನ್ನು ಇಡುವ ಪದ್ಧತಿಯ, ಬೇರು ಅಲ್ಲಿದೆ. 1836ರಲ್ಲಿ ಅದೇ ನಗರದ ಹೆಲೆನ್ ಜ್ಯೂವೆಟ್ ಎಂಬ ವೇಶ್ಯೆಯ ಕೊಲೆಯಾದಾಗ ‘ಹೆರಾಲ್ಡ್’ನ ಸಂಪಾದಕ ಜೇಮ್ಸ್ ಗಾರ್ಡನ್ ಬೆನೆಟ್ ಸ್ವತಃ ಕೊಲೆ ನಡೆದ ಕೋಣೆಗೆ ಹೋಗಿ, ಶವವನ್ನು ಅಮೃತಶಿಲೆಯ ಪ್ರತಿಮೆಯಂತೆ ವರ್ಣಿಸಿ ಬರೆದ. ಒಂದು ಪತ್ರಿಕೆ ಆರೋಪಿಯ ಪರ ನಿಂತರೆ ಇನ್ನೊಂದು ವಿರುದ್ಧ ನಿಂತಿತು. ನ್ಯಾಯಾಲಯ ಕೂರುವ ಮೊದಲೇ ತೀರ್ಪು ಕೊಡುವ ಚಾಳಿಗೆ ಇನ್ನೂರು ವರ್ಷ ತುಂಬುತ್ತ ಬಂದಿದೆ. ಅದನ್ನು ಟಿವಿಯ ತಲೆಗೆ ಕಟ್ಟುವುದು ಸರಿಯಲ್ಲ.

1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಪ್ರದೇಶದಲ್ಲಿ ನಡೆದ ಹೆಂಗಸರ ಸರಣಿ ಕೊಲೆಗಳು ಇನ್ನೊಂದು ಪಾಠ ಕಲಿಸಿದವು: ಕೊಲೆಗಾರನಿಗೊಂದು ಹೆಸರು ಬೇಕು. ‘ಜ್ಯಾಕ್ ದಿ ರಿಪ್ಪರ್’ ಎಂಬ ಸಹಿಯ ಪತ್ರ ಬಂದದ್ದು ಪೊಲೀಸರಿಗಲ್ಲ, ಒಂದು ಸುದ್ದಿಸಂಸ್ಥೆಗೆ. ಅದನ್ನು ಬರೆದವನು ಪತ್ರಕರ್ತನೇ ಇರಬೇಕೆಂದು ಅಂದಿನ ಹಿರಿಯ ಪೊಲೀಸ್ ಅಧಿಕಾರಿಗಳೇ ನಂಬಿದ್ದರು. ಹೆಸರು ಉಳಿಯಿತು. ಸತ್ತ ಹೆಂಗಸರು ಯಾರು, ಹೇಗೆ ಬದುಕಿದ್ದರು ಎಂಬುದನ್ನು ಕೇಳಲು ಜಗತ್ತಿಗೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

20ನೇ ಶತಮಾನದಲ್ಲಿ ನ್ಯಾಯಾಲಯಗಳು ಎಚ್ಚೆತ್ತವು. ಅಮೆರಿಕದ ಹೆಸರಾಂತ ವಿಮಾನ ಚಾಲಕ ಲಿಂಡ್‌ಬರ್ಗ್‌ನ ಮಗುವಿನ ಅಪಹರಣ ಮತ್ತು ಕೊಲೆಯ ವಿಚಾರಣೆ 1935ರಲ್ಲಿ ಜಾತ್ರೆಯಾದ ಮೇಲೆ, 1937ರಲ್ಲಿ ಅಮೆರಿಕದ ವಕೀಲರ ಸಂಘ ಕೋರ್ಟಿನೊಳಗೆ ಕ್ಯಾಮೆರಾ ಬೇಡವೆಂಬ ನಿಯಮ ಮಾಡಿತು. ಹೆಂಡತಿಯನ್ನು ಕೊಂದನೆಂದು 1954ರಲ್ಲಿ ಶಿಕ್ಷೆಯಾಗಿದ್ದ ವೈದ್ಯ ಸ್ಯಾಮ್ ಶೆಪರ್ಡ್‌ನ ಪ್ರಕರಣದಲ್ಲಿ ಪತ್ರಿಕೆಗಳ ಅಬ್ಬರದಿಂದ ನ್ಯಾಯಯುತ ವಿಚಾರಣೆಯೇ ನಡೆದಿಲ್ಲವೆಂದು 1966ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದುಮಾಡಿತು. ಮರುವಿಚಾರಣೆಯಲ್ಲಿ ಆತ ಖುಲಾಸೆಯಾದ. ಅಷ್ಟರಲ್ಲಿ ಹತ್ತು ವರ್ಷದಷ್ಟು ಜೈಲುವಾಸ ಮುಗಿದಿತ್ತು.

ನೇರಪ್ರಸಾರ ಬಂದ ಮೇಲೆ ಅಪಾಯದ ಸ್ವರೂಪವೇ ಬದಲಾಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಒತ್ತೆ ಸಿಕ್ಕಿದ್ದ ಇಸ್ರೇಲಿ ತಂಡದವರನ್ನು ಬಿಡಿಸಲು ಪೊಲೀಸರು ಮಾಳಿಗೆ ಹತ್ತುತ್ತಿದ್ದ ದೃಶ್ಯ ಟಿವಿಯಲ್ಲಿ ಬಂತು. ಅಪಹರಣಕಾರರಿದ್ದ ಕಟ್ಟಡದಲ್ಲೂ ಟಿವಿ ಇತ್ತು. 1988ರಲ್ಲಿ ಜರ್ಮನಿಯ ಗ್ಲಾಡ್‌ಬೆಕ್‌ನಲ್ಲಿ ಬ್ಯಾಂಕ್ ದರೋಡೆ ಮಾಡಿ ಜನರನ್ನು ಒತ್ತೆ ಇಟ್ಟುಕೊಂಡವರನ್ನು ಪತ್ರಕರ್ತರು ನಡುಬೀದಿಯಲ್ಲಿ ಸಂದರ್ಶಿಸಿದರು, ಹುಡುಗಿಯ ಕುತ್ತಿಗೆಗೆ ಪಿಸ್ತೂಲು ಹಿಡಿದಿದ್ದಾಗಲೂ ಪ್ರಶ್ನೆ ಕೇಳಿದರು. ಒಬ್ಬ ಪತ್ರಕರ್ತನಂತೂ ಅವರ ಕಾರಿನಲ್ಲೇ ಕೂತು ದಾರಿ ತೋರಿಸಿದ. ಇಬ್ಬರು ಒತ್ತೆಯಾಳುಗಳು ಸತ್ತರು. ಕೃತ್ಯ ನಡೆಯುತ್ತಿರುವಾಗ ದುಷ್ಕರ್ಮಿಗಳ ಸಂದರ್ಶನ ಕೂಡದೆಂದು ಅಲ್ಲಿನ ಪತ್ರಿಕಾ ಮಂಡಳಿ ಆಮೇಲೆ ನಿಯಮ ಮಾಡಿತು. 2008ರ ಮುಂಬೈ ದಾಳಿಯಲ್ಲೂ ಕಮಾಂಡೋಗಳ ಚಲನವಲನ ನೇರಪ್ರಸಾರವಾಯಿತು. ದಾಳಿಕೋರರನ್ನು ಫೋನಿನಲ್ಲಿ ನಡೆಸುತ್ತಿದ್ದವರು ಅದನ್ನು ನೋಡುತ್ತಿದ್ದರು. ಒಂದು ಕಡೆ ಜೀವ ತೆತ್ತು ಕಲಿತದ್ದು ಇನ್ನೊಂದು ಕಡೆಗೆ ತಲುಪಿರಲಿಲ್ಲ.

ಕಣ್ಣಿಗೆ ಕಾಣದ ಪರಿಣಾಮವನ್ನು ಅಳೆಯಹೊರಟವರು ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್ನರ್. 1960ರ ದಶಕದ ಕೊನೆಯಿಂದ ಅಮೆರಿಕದ ಟಿವಿ ಕಾರ್ಯಕ್ರಮಗಳಲ್ಲಿನ ಹಿಂಸೆಯನ್ನು ಅವರ ತಂಡ ಲೆಕ್ಕ ಹಾಕಿತು. ಹೆಚ್ಚು ಟಿವಿ ನೋಡುವವರು ಹೆಚ್ಚು ಹಿಂಸೆ ಮಾಡುತ್ತಾರೆ ಎಂಬುದು ಅವರ ಮುಖ್ಯ ವಾದವಾಗಿರಲಿಲ್ಲ. ಅಂಥವರು ಜಗತ್ತನ್ನು ಇರುವುದಕ್ಕಿಂತ ಕ್ರೂರವೆಂದು ನಂಬುತ್ತಾರೆ, ಅಕ್ಕಪಕ್ಕದವರನ್ನು ಅನುಮಾನಿಸುತ್ತಾರೆ, ಕಠಿಣ ಶಿಕ್ಷೆಯನ್ನು ಬಯಸುತ್ತಾರೆ ಎಂಬುದು ಅವರು ಹೇಳಿದ್ದು. ಟಿವಿಯೇ ಕಾರಣವೋ, ಭಯವಿದ್ದವರೇ ಮನೆಯಲ್ಲಿ ಕೂತು ಟಿವಿ ನೋಡುತ್ತಾರೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಜನರ ನಂಬಿಕೆಗೂ ವಾಸ್ತವಕ್ಕೂ ಅಂತರವಿರುವುದು ಖಚಿತ. ಅಮೆರಿಕದಲ್ಲಿ ದಾಖಲಾದ ಹಿಂಸಾಪರಾಧದ ದರ 1991ರಲ್ಲಿ ತುದಿ ಮುಟ್ಟಿ ಮುಂದಿನ ಎರಡು ದಶಕಗಳಲ್ಲಿ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ಗ್ಯಾಲಪ್ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಮಾತ್ರ ಬಹುತೇಕ ವರ್ಷ ಹೆಚ್ಚಿನವರು ಕೊಟ್ಟ ಉತ್ತರ ಒಂದೇ: ‘ಕಳೆದ ವರ್ಷಕ್ಕಿಂತ ಅಪರಾಧ ಹೆಚ್ಚಾಗಿದೆ.’

ಯಾರು ಯಾರನ್ನು ಕೊಲ್ಲುತ್ತಾರೆ ಎಂಬುದರಲ್ಲೂ ಇಂಥದೇ ಅಂತರ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯ ಲೆಕ್ಕದಂತೆ 2017ರಲ್ಲಿ ಜಗತ್ತಿನಲ್ಲಿ ಸುಮಾರು 4.64 ಲಕ್ಷ ಜನ ಕೊಲೆಯಾದರು. ಅವರಲ್ಲಿ ನೂರಕ್ಕೆ 80ರಷ್ಟು ಗಂಡಸರು. ಅದೇ ವರ್ಷ ಕೊಲೆಯಾದ ಸುಮಾರು 87,000 ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರನ್ನು ಕೊಂದವರು ಸಂಗಾತಿ ಅಥವಾ ಮನೆಯವರು. ಸುದ್ದಿಯಲ್ಲಿ ಹೆಣ್ಣಿಗೆ ಅಪಾಯವೆಂದರೆ ಕತ್ತಲ ದಾರಿಯ ಅಪರಿಚಿತ. ಮನೆಯೊಳಗಿನ ಕೊಲೆ ‘ಕ್ಷುಲ್ಲಕ ಕಾರಣಕ್ಕೆ ಪತ್ನಿಯ ಹತ್ಯೆ’ ಎಂದು ಒಳಪುಟದ ನಾಲ್ಕು ಸಾಲಾಗುತ್ತದೆ. ಅಡುಗೆ ರುಚಿಯಾಗಲಿಲ್ಲವೆಂಬುದು ಆ ದಿನದ ನೆಪವಷ್ಟೇ. ಅದರ ಹಿಂದೆ ವರ್ಷಗಳ ಹೊಡೆತ, ಹಿಂದೆ ಕೊಟ್ಟ ದೂರು, ರಾಜಿ ಮಾಡಿಸಿ ಮನೆಗೆ ಕಳುಹಿಸಿದ ಹಿರಿಯರು ಇರುತ್ತಾರೆ. ಅದನ್ನು ಕೇಳಲು ಇನ್ನೊಂದು ದಿನ ಬೇಕು. ಡೆಸ್ಕಿಗೆ ಸುದ್ದಿ ಬೇಕಾಗಿರುವುದು ಇವತ್ತು ಸಂಜೆಗೆ.

ತಪ್ಪು ನುಸುಳುವ ಬಾಗಿಲು ಅದೇ. ಮೊದಲ ದಿನ ವರದಿಗಾರನ ಕೈಯಲ್ಲಿರುವುದು ಪೊಲೀಸರ ಪ್ರೆಸ್ ನೋಟ್ ಮತ್ತು ಕ್ಯಾಮೆರಾ ಮುಂದೆ ಒಬ್ಬ ಅಧಿಕಾರಿ ಆಡಿದ ನಾಲ್ಕು ಮಾತು. ಕೊಲೆಯ ಕಾರಣವೂ, ಆರೋಪಿ ತಪ್ಪೊಪ್ಪಿಕೊಂಡ ಸಂಗತಿಯೂ ಅಲ್ಲಿಂದಲೇ ಬರುತ್ತವೆ. ವರದಿಯ ಕೊನೆಗೆ ‘ಎಂದು ಪೊಲೀಸರು ತಿಳಿಸಿದ್ದಾರೆ’ ಎಂದಿರುತ್ತದೆ, ಆದರೆ ತಲೆಬರಹಕ್ಕೆ ಏರುವಾಗ ಆ ಮಾತು ಬಿದ್ದುಹೋಗುತ್ತದೆ. ಬಂಧನದ ಸುದ್ದಿಗೆ ಮುಖಪುಟ, ಆರೋಪಪಟ್ಟಿಗೆ ಒಳಪುಟ, ವರ್ಷಗಳ ನಂತರದ ಖುಲಾಸೆಗೆ ಜಾಗವೇ ಇಲ್ಲ. ಆ ಹೊತ್ತಿಗೆ ಬೀಟ್‌ನಲ್ಲಿರುವುದು ಬೇರೆ ವರದಿಗಾರ.

ಅಂಕಿಗಳಲ್ಲಿ ತಪ್ಪುವುದು ಇನ್ನೂ ಸುಲಭ. ಎರಡು ಕೊಲೆ ನಾಲ್ಕಾದರೆ ‘ಶೇ 100 ಏರಿಕೆ’. ಚಿಕ್ಕ ಊರಿನಲ್ಲಿ ಅದು ಆಕಸ್ಮಿಕವೂ ಆಗಿರಬಹುದು. ಎರಡು ಊರುಗಳನ್ನು ಹೋಲಿಸುವಾಗ ಒಟ್ಟು ಸಂಖ್ಯೆ ಉಪಯೋಗವಿಲ್ಲ, ಲಕ್ಷ ಜನರಿಗೆ ಎಷ್ಟು ಎಂದು ನೋಡಬೇಕು. ಏರಿಳಿತ ತಿಳಿಯಲು ಕನಿಷ್ಠ ಐದು ವರ್ಷದ ಸಾಲು ಬೇಕು. ಕೊಲೆಯ ಅಂಕಿಯನ್ನು ಬಹುಮಟ್ಟಿಗೆ ನಂಬಬಹುದು, ಏಕೆಂದರೆ ಶವವನ್ನು ಮುಚ್ಚಿಡುವುದು ಕಷ್ಟ. ಹಲ್ಲೆ, ಅತ್ಯಾಚಾರದ ಅಂಕಿ ಹಾಗಲ್ಲ. ಜನ ದೂರು ಕೊಡಲು ಧೈರ್ಯ ಮಾಡಿದರೆ, ಪೊಲೀಸರು ಬರೆದುಕೊಳ್ಳುವ ನಿಯಮ ಬದಲಾದರೆ ಅದು ಏರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2002ರಲ್ಲಿ ದಾಖಲಾತಿಯ ಹೊಸ ಮಾನದಂಡ ಬಂದಾಗ ಹಿಂಸಾಪರಾಧದ ದಾಖಲೆ ಜಿಗಿಯಿತು. ಮನೆಮನೆಗೆ ಹೋಗಿ ಸಂತ್ರಸ್ತರನ್ನೇ ಕೇಳುವ ಸಮೀಕ್ಷೆಯ ಪ್ರಕಾರ ಅಲ್ಲಿ ಹಿಂಸೆ 1990ರ ದಶಕದ ಮಧ್ಯದಿಂದಲೇ ಇಳಿಯುತ್ತಿತ್ತು.

ದಾರಿ ಬದಲಿಸಿದವರೂ ಇದ್ದಾರೆ. 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನು ಕೊಂದವನ ಹೆಸರನ್ನು ತಾನು ಉಚ್ಚರಿಸುವುದಿಲ್ಲವೆಂದು ಅಲ್ಲಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿ ಹೇಳಿದರು. ಪೈಪೋಟಿಯಲ್ಲಿದ್ದ ಐದು ಪ್ರಮುಖ ಸುದ್ದಿಸಂಸ್ಥೆಗಳು ವಿಚಾರಣೆಯ ವರದಿಯಲ್ಲಿ ಅವನ ಸಿದ್ಧಾಂತಕ್ಕೆ ಪ್ರಚಾರ ಸಿಗದಂತೆ ಒಮ್ಮತದ ನಿಯಮ ಮಾಡಿಕೊಂಡವು. ಅವನು ತಪ್ಪೊಪ್ಪಿಕೊಂಡ ಕಾರಣ ವಿಚಾರಣೆ ನಡೆಯಲಿಲ್ಲ. 2020ರ ಆಗಸ್ಟ್‌ನಲ್ಲಿ ಶಿಕ್ಷೆ ವಿಧಿಸುವಾಗ ಬದುಕುಳಿದವರು ಮತ್ತು ಸತ್ತವರ ಮನೆಯವರು ದಿನಗಟ್ಟಲೆ ಆಡಿದ ಮಾತುಗಳೇ ಸುದ್ದಿಯಾದವು. 2021ರಲ್ಲಿ ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್, ತಾನು ಕೊನೆತನಕ ಬೆನ್ನಟ್ಟದ ಸಣ್ಣ ಪ್ರಕರಣಗಳಲ್ಲಿ ಆರೋಪಿಯ ಹೆಸರು ಹಾಕುವುದಿಲ್ಲವೆಂದು ಪ್ರಕಟಿಸಿತು. ಖುಲಾಸೆಯಾದರೂ ಹೆಸರು ಅಂತರ್ಜಾಲದಲ್ಲಿ ಅಂಟಿಕೊಂಡೇ ಇರುತ್ತದೆ ಎಂಬುದು ಅದು ಕೊಟ್ಟ ಕಾರಣ. ಆದರೆ ಹಿಂಸಾಪರಾಧಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಕೊಲೆ ಆರೋಪ ಹೊತ್ತು, ನಿರ್ದೋಷಿಯಾಗಿ ಹೊರಬಂದವರ ಹೆಸರು ಮೊದಲ ದಿನದ ಆ ತಲೆಬರಹದ ಜೊತೆಗೇ ಉಳಿದಿದೆ.