ಮೆಥೋಡಿಸ್ಟ್ ಸೊಸೆಗೆ ಮರುದೀಕ್ಷಾಸ್ನಾನ ಏಕಿಲ್ಲ

ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಕ್ರೈಸ್ತರೆಂದರೆ ಹೆಚ್ಚಾಗಿ ಪ್ರೊಟೆಸ್ಟೆಂಟ್ ಪಂಗಡವಾದ ಮೆಥೋಡಿಸ್ಟ್ ಸಭೆಯವರು. ಬೀದರನ್ನೂ ಒಳಗೊಂಡ ಕಲಬುರಗಿ ಕಥೋಲಿಕ ಧರ್ಮಕ್ಷೇತ್ರ (ಬಿಷಪ್ಪರ ಆಡಳಿತ ಪ್ರದೇಶ) ರಚನೆಯಾದದ್ದು 2005ರಲ್ಲಷ್ಟೆ. ಹೀಗಾಗಿ ಧರ್ಮಸಭೆಯ ಕಾನೂನು ನೋಡಿಕೊಳ್ಳುವ ನನ್ನ ಮುಂದೆ ವರ ಕಥೋಲಿಕ, ವಧು ಮೆಥೋಡಿಸ್ಟ್ ಎಂಬ ಮದುವೆಯ ಕಾಗದಗಳು ಬರುತ್ತಲೇ ಇರುತ್ತವೆ. ಆಗ ವರನ ಕಡೆಯ ಹಿರಿಯರದು ಒಂದೇ ಹಟ: ‘ಮೊದಲು ಹುಡುಗಿಗೆ ನಮ್ಮ ಚರ್ಚಿನಲ್ಲಿ ದೀಕ್ಷಾಸ್ನಾನವಾಗಲಿ.’

ಅವಳಿಗೆ ತನ್ನ ಸಭೆಯಲ್ಲಿ ದೀಕ್ಷಾಸ್ನಾನ, ಅಂದರೆ ಕ್ರೈಸ್ತಳಾಗುವ ಸಂಸ್ಕಾರ, ಆಗಿಯೇ ಇದ್ದರೆ ಮತ್ತೆ ಮಾಡಿಸುವಂತಿಲ್ಲ. ನೀರಿನಿಂದ, ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ಆಗಿರುವ ದೀಕ್ಷಾಸ್ನಾನ ಯಾವ ಸಭೆಯಲ್ಲಿ ನಡೆದಿದ್ದರೂ ಸಲ್ಲುತ್ತದೆ; ಗಂಭೀರ ಸಂಶಯವಿಲ್ಲದೆ ಮತ್ತೆ ಕೊಡಬಾರದೆಂದು ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 869ನೆಯ ವಿಧಿ ಹೇಳುತ್ತದೆ. ಇದು ಇತ್ತೀಚಿನ ಔದಾರ್ಯವೇನಲ್ಲ. ಮೂರನೆಯ ಶತಮಾನದಲ್ಲೇ ಉತ್ತರ ಆಫ್ರಿಕಾದ ಕಾರ್ಥೇಜಿನ ಧರ್ಮಾಧ್ಯಕ್ಷ (ಬಿಷಪ್) ಸಿಪ್ರಿಯನ್, ಧರ್ಮಸಭೆಯ ಹೊರಗೆ ಪಡೆದ ಸ್ನಾನ ಸ್ನಾನವೇ ಅಲ್ಲ ಎಂದು ವಾದಿಸಿದರು. ರೋಮಿನ ಜಗದ್ಗುರು (ಪೋಪ್) ಸ್ಟೀಫನ್ ಒಪ್ಪಲಿಲ್ಲ. ಸಿಪ್ರಿಯನ್ ಮುಂದೆ ರಕ್ತಸಾಕ್ಷಿಯಾದರು, ಸಂತರೆಂದು ಪೂಜಿತರಾದರು. ಆದರೂ ಆ ವಾದದಲ್ಲಿ ನಿಂತದ್ದು ಸ್ಟೀಫನ್ ಪಕ್ಷ. ದೀಕ್ಷೆ ಕೊಡುವವನು ಕ್ರಿಸ್ತ, ಪಾದ್ರಿಯಾಗಲಿ ಪಾಸ್ಟರಾಗಲಿ ಕೇವಲ ಕೈ ಎಂದು ದೈವಶಾಸ್ತ್ರಜ್ಞ ಸಂತ ಅಗಸ್ಟೀನರು ಆಮೇಲೆ ಈ ನಿಲುವಿಗೆ ತರ್ಕ ಒದಗಿಸಿದರು.

ಕಥೋಲಿಕ ಧರ್ಮದ ಸಾರ್ವತ್ರಿಕತೆಯನ್ನು ನಾನು ಕಾಣುವುದು ಇಲ್ಲಿ. ನೂರಾರು ದೇಶಗಳಲ್ಲಿ ಚರ್ಚುಗಳಿವೆ ಎಂಬುದು ವಿಸ್ತಾರದ ಲೆಕ್ಕವಷ್ಟೆ. ಎಲ್ಲರೂ ಒಂದೇ ಅಚ್ಚಿನವರೂ ಅಲ್ಲ: ಲ್ಯಾಟಿನ್ ಸಭೆಯ ಜೊತೆಗೆ ಸಿರೋ-ಮಲಬಾರ್, ಸಿರೋ-ಮಲಂಕರ ಸೇರಿ 23 ಪೌರಸ್ತ್ಯ ಸಭೆಗಳು ತಮ್ಮದೇ ಪೂಜಾವಿಧಿಯೊಂದಿಗೆ ಅದೇ ಐಕ್ಯದಲ್ಲಿವೆ. ತನ್ನ ಬೇಲಿಯಾಚೆ ನಡೆದ ಸಂಸ್ಕಾರವನ್ನೂ ಕ್ರಿಸ್ತನದೆಂದು ಗುರುತಿಸಬಲ್ಲ ಧೈರ್ಯವೇ ನನಗೆ ಹೆಚ್ಚು ತೂಕದ್ದು. (ಈ ಮಾತಿಗೆ ಹಿರಿಯರು ಮುಖ ಗಂಟಿಕ್ಕುವುದೂ ಉಂಟು.)

ಹಾಗೆಂದು ಎಲ್ಲವೂ ಒಂದೇ ಎಂದಲ್ಲ. ದೀಕ್ಷಾಸ್ನಾನ ಒಂದಾದರೂ ಪರಮಪ್ರಸಾದದಲ್ಲಿ, ಅಂದರೆ ಪೂಜೆಯಲ್ಲಿ ಸಾಲಾಗಿ ಬಂದು ಸ್ವೀಕರಿಸುವ ಪವಿತ್ರ ರೊಟ್ಟಿಯಲ್ಲಿ, ನಾವಿನ್ನೂ ಒಂದಾಗಿಲ್ಲ. ಮದುವೆಯ ದಿನ ವಧುವಿನ ಬಂಧುಗಳಿಗೆ ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು, ಸಾಲಿನಲ್ಲಿ ನಿಂತ ಮೇಲಲ್ಲ. ಕಾಗದದ ಕೆಲಸ ಸುಲಭ: ವಧುವಿನ ಸಭೆಯಿಂದ ದೀಕ್ಷಾಸ್ನಾನದ ಪ್ರಮಾಣಪತ್ರ, ಧರ್ಮಾಧ್ಯಕ್ಷರ ಅನುಮತಿ. ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆಂದು ಮಾತು ಕೊಡಬೇಕಾದವನು ವರ. ವಧುವಿಗೆ ಆ ವಿಷಯ ತಿಳಿಸಿದರೆ ಸಾಕು, ಅವಳಿಂದ ಸಹಿ ಹಾಕಿಸಿಕೊಳ್ಳಬೇಕೆಂದು ಕಾನೂನು ಕೇಳುವುದಿಲ್ಲ.